ಸಹಾಯ ಬೇಕು: ಮಾಹಿತಿಯ ಬಳಕೆಗೆ ಅಂಕ ಕೊಡುವುದು ಹೇಗೆ?

ಗುಂಪಿನ ಅಧ್ಯಾಪಕ ಮಿತ್ರರಿಗೆ ನಮಸ್ಕಾರ. ನಾನು ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ವೇದಾವತಿ ನದಿಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದುದರ ಕಾರಣಗಳನ್ನು ಕುರಿತು ಅಂತಿಮ ವರ್ಷದವರಿಗೆ ನಿಯೋಜಿತ ಕಾರ್ಯ ಕೊಟ್ಟಿದ್ದೆ. ಮಾಹಿತಿಯೆಂದರೆ ಸಂಗ್ರಹಿಸಿ ಒಪ್ಪಿಸುವ ಸರಕೆಂದು ತಿಳಿದವರು ಪತ್ರಿಕಾ ವರದಿಗಳನ್ನು ಒಂದರ ಕೆಳಗೊಂದು ಜೋಡಿಸಿದರು. ಮಳೆಯ ಅಂಕಿಅಂಶವನ್ನೂ ಭದ್ರಾದಿಂದ ಹರಿದುಬಂದ ನೀರಿನ ಲೆಕ್ಕವನ್ನೂ ಎದುರುಬದುರು ಇಟ್ಟು ಪ್ರಶ್ನಿಸಿದ ಕೆಲವರು ಮಾತ್ರ ವೇದಾವತಿ ಕಣಿವೆಯನ್ನೇ ಹೊಸದಾಗಿ ಅರ್ಥಮಾಡಿಕೊಂಡರು.

ಆಸ್ಟ್ರೇಲಿಯಾದ ಸಂಶೋಧಕಿ ಕ್ರಿಸ್ಟೀನ್ ಬ್ರೂಸ್ ಅವರು ಮಾಹಿತಿ ಸಾಕ್ಷರತೆಯನ್ನು (ಅಂದರೆ ಮಾಹಿತಿಯನ್ನು ಹುಡುಕಿ, ತೂಗಿ ನೋಡಿ, ಬಳಸಿಕೊಳ್ಳುವುದನ್ನು) ಕೌಶಲಗಳ ಪಟ್ಟಿಯಾಗಿ ನೋಡದೆ, ಅದನ್ನು ಜನರು ಅನುಭವಿಸುವ ಏಳು ಬಗೆಗಳಾಗಿ 1997ರಲ್ಲೇ ವಿವರಿಸಿದ್ದಾರೆ. ಈ ನೋಟ ನನ್ನ ತರಗತಿಗೆ ಚೆನ್ನಾಗಿ ಹೊಂದುತ್ತದೆ.

ಆದ್ದರಿಂದ, ಎಷ್ಟು ಆಕರಗಳನ್ನು ನೋಡಿದ್ದಾರೆ ಎಂಬುದನ್ನು ಎಣಿಸುವ ಬದಲು, ಯಾವ ಆಕರದಿಂದ ವಿದ್ಯಾರ್ಥಿಯ ತಿಳಿವಳಿಕೆ ಎಲ್ಲಿ ಬದಲಾಯಿತು ಎಂಬುದನ್ನು ಅಳೆಯುವ ಮೌಲ್ಯಮಾಪನ ಮಾದರಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಇದೇ ಉದ್ದೇಶಕ್ಕೆ ವಿದ್ಯಾರ್ಥಿಗಳ ಸಂದರ್ಶನವನ್ನು ಕನ್ನಡದಲ್ಲಿ ನಡೆಸಿದವರು ತಮ್ಮ ಪ್ರಶ್ನಾವಳಿಯನ್ನು ಕಳುಹಿಸಿದರೆ ಇನ್ನೂ ಉಪಕಾರ. ಇಂಗ್ಲಿಷ್ ಪ್ರಶ್ನೆಗಳಿಗೆ ನಮ್ಮ ಮಕ್ಕಳು ಪಠ್ಯದ ಉತ್ತರವನ್ನೇ ಒಪ್ಪಿಸುತ್ತಾರೆ. ಮುಂದಿನ ಸೆಮಿಸ್ಟರಿನ ಆಂತರಿಕ ಮೌಲ್ಯಮಾಪನದಲ್ಲಿ ಇದನ್ನು ಅಳವಡಿಸುವ ಆಲೋಚನೆಯಿದೆ.