ಚೀಟಿ ಅಂಟಿಸಿದರೆ ಮಾತು ತಲುಪುತ್ತದಾ?

ಕಳೆದ ಸಲ ಪ್ರಕಟವಾದ ಪತ್ರ ನೆನಪಿರಬಹುದು. ಓದುಗರೊಬ್ಬರು ಆಫೀಸಿನ ತರಬೇತಿಯಲ್ಲಿ ಕಲಿಕೆಯ ಶೈಲಿಗಳ ಬಗ್ಗೆ ಕೇಳಿಕೊಂಡು ಬಂದರು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಓದಿ ಬರೆದು, ಇನ್ನು ಕೆಲವರು ಕೈಯಾರೆ ಮಾಡಿ ಅಂತ. ಹೇಳಿದ್ದೆಲ್ಲ ಮರೆಯುವ ಗಂಡ ‘ನೋಡುವ ಪೈಕಿ’ ಅಂತ ಅವರೇ ತೀರ್ಮಾನಿಸಿದರು. ಹೇಳಬೇಕಾದ್ದನ್ನೆಲ್ಲ ಬಣ್ಣದ ಚೀಟಿಗಳಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸತೊಡಗಿದರು. ಎರಡು ತಿಂಗಳಾದ ಮೇಲೆ ಗಂಡ ಕೇಳಿದ್ದು ಇಷ್ಟು: “ನನ್ನ ಹತ್ತಿರ ಮಾತಾಡೋದು ಬಿಟ್ಟುಬಿಟ್ಟೆಯಾ?” ಗಂಡನ ಶೈಲಿಯನ್ನು ತಪ್ಪಾಗಿ ಗುರುತಿಸಿದೆನಾ ಅನ್ನುವುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಎಲ್ಲವೂ ಆ ಪ್ರಶ್ನೆಗೇ ಉತ್ತರ ಅಲ್ಲ.

*

ನಿಮ್ಮ ಇಡೀ ಪತ್ರದಲ್ಲಿ ಗಂಡ ಆಡಿದ್ದು ಒಂದೇ ಮಾತು. ಅದಕ್ಕೆ ನೀವು ಏನು ಉತ್ತರ ಕೊಟ್ಟಿರಿ ಅಂತ ಬರೆದೇ ಇಲ್ಲ.

— ಓದುಗ, ಮದುವೆಯಾಗಿ 31 ವರ್ಷ

*

*ಶಿಕ್ಷಕರಿಗೆ ತರಬೇತಿ ಕೊಡುವವರೊಬ್ಬರು ವಿಷಯದ ಬೇರಿಗೆ ಹೋಗಿದ್ದಾರೆ.*

ಮೊದಲು ಒಂದು ಸಣ್ಣ ತಕರಾರು. ನೀವು ಹೇಳುವ ನಾಲ್ಕು ವಿಂಗಡಣೆ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರದು. 1992ರಲ್ಲಿ ಪ್ರಕಟವಾಯಿತು. ಅವರ ಲೆಕ್ಕದಲ್ಲಿ ‘ನೋಡುವುದು’ ಅಂದರೆ ನಕ್ಷೆ, ರೇಖಾಚಿತ್ರ, ಬಾಣದ ಗುರುತು. ಅಕ್ಷರ ಆ ಗುಂಪಿಗೆ ಸೇರುವುದಿಲ್ಲ, ‘ಓದು-ಬರಹ’ಕ್ಕೆ ಸೇರುತ್ತದೆ. ಅಂದರೆ ನಿಮ್ಮ ಚೀಟಿ ನಿಮ್ಮದೇ ಸೂತ್ರದ ಪ್ರಕಾರವೂ ತಪ್ಪು ವಿಳಾಸಕ್ಕೆ ಹೋಗಿದೆ!

ನಾನೂ ಇದನ್ನು ವರ್ಷಗಟ್ಟಲೆ ಕಲಿಸಿದವಳೇ. ಆಮೇಲೆ ಕೂತು ಓದಿದೆ. 2004ರಲ್ಲಿ ಬ್ರಿಟನ್ನಿನ ಕೆಲವು ಸಂಶೋಧಕರು ಲೆಕ್ಕ ಹಾಕಿದಾಗ ಇಂಥ ಶೈಲಿ-ವಿಂಗಡಣೆಗಳು 71 ಸಿಕ್ಕವು. ಒಂದರ ಪ್ರಕಾರ ಒಬ್ಬ ಹೀಗೆ, ಇನ್ನೊಂದರ ಪ್ರಕಾರ ಅವನೇ ಹಾಗೆ. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ನೇರವಾಗಿ ಕೇಳಿದರು: ‘ನೋಡುವವರಿಗೆ’ ತೋರಿಸಿ, ‘ಕೇಳುವವರಿಗೆ’ ಹೇಳಿ ಕಲಿಸಿದರೆ ನಿಜವಾಗಿ ಜಾಸ್ತಿ ಕಲಿಯುತ್ತಾರಾ? ಸರಿಯಾದ ರೀತಿಯಲ್ಲಿ ಮಾಡಿದ ಪರೀಕ್ಷೆಗಳೇ ಕಡಿಮೆ ಇದ್ದವು. ಇದ್ದವುಗಳಲ್ಲೂ ಹಲವು ಉಲ್ಟಾ ಹೇಳುತ್ತಿದ್ದವು.

ಶೈಲಿ ಗುರುತಿಸಲು ಕೊಡುವ ಪ್ರಶ್ನಾವಳಿ ಕೇಳುವುದು ನಿಮಗೆ ಏನು ಇಷ್ಟ ಅಂತ. ಇಷ್ಟ ಸುಳ್ಳಲ್ಲ. ಆದರೆ ಇಷ್ಟವಾದ ದಾರಿಯಲ್ಲೇ ಜಾಸ್ತಿ ತಲೆಗೆ ಹೋಗುತ್ತದೆ ಅಂತೇನಿಲ್ಲ. ದಾರಿಯನ್ನು ಆರಿಸುವುದು ಹೆಚ್ಚಾಗಿ ವಿಷಯವೇ. ವಿಳಾಸ ಹೇಳಲು ನಕ್ಷೆ ಬೇಕು. ರಾಗವನ್ನು ಕೇಳಿಸಬೇಕು. ಗಂಟು ಹಾಕುವುದನ್ನು ಹಗ್ಗ ಕೈಗೆ ಕೊಟ್ಟು ಹೇಳಿಕೊಡಬೇಕು. ಮನಸ್ಸಿಗೆ ಬೇಜಾರಾಗಿದೆ ಅನ್ನುವುದನ್ನು ಹೇಗೆ ತಿಳಿಸುತ್ತೀರಿ? ಚೀಟಿಯಲ್ಲಂತೂ ಅಲ್ಲ, ಅಲ್ವಾ?

*

ಚೀಟಿ ನಮ್ಮ ಮನೆಯಲ್ಲೂ ಇದೆ. ಮೊದಲ ಮೂರು ಓದಿದೆ. ಹತ್ತಾದ ಮೇಲೆ ಚೀಟಿ ಕಾಣಲಿಲ್ಲ, ಬರೀ ಬಣ್ಣ ಕಂಡಿತು. ಅವಳಿಗೆ ಹೇಳಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.

— ಒಬ್ಬ ಗಂಡ

*

*ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.*

ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ‘ನೋಡುವ ಪೈಕಿ’ ಅನ್ನುವ ಮಾತು ನಮ್ಮ ಮನೆಯಲ್ಲಿ ಮೂರು ವರ್ಷ ಇತ್ತು.

ಮಗಳಿಗೆ ಆಗ ಐದು. ಹೇಳಿದ್ದು ತಲೆಗೆ ಹೋಗುವುದಿಲ್ಲ ಅಂತ ಶಾಲೆಯಿಂದ ದೂರು. ಟೀಚರ್ ಒಳ್ಳೆಯವರೇ. ಕರೆದು ಕೂರಿಸಿ, ಒಂದು ಹಾಳೆ ತೋರಿಸಿ, “ನಿಮ್ಮ ಮಗು ಕಿವಿಯಿಂದ ಕಲಿಯೋದಿಲ್ಲ, ಕಣ್ಣಿಂದ ಕಲಿಯುತ್ತೆ” ಅಂದರು. ನನಗೆ ಎಷ್ಟು ಹಗುರವಾಯಿತು ಗೊತ್ತಾ! ಮಗಳು ದಡ್ಡಿಯಲ್ಲ, ಹಠಮಾರಿಯೂ ಅಲ್ಲ, ಅವಳ ದಾರಿ ಬೇರೆ. ಅವತ್ತೇ ಚಾರ್ಟ್ ತಂದೆ. ಗೋಡೆ ತುಂಬ ಚಿತ್ರ. ರಾತ್ರಿ ಕಥೆ ಹೇಳುವುದನ್ನು ನಿಲ್ಲಿಸಿದೆ. ಅವಳಿಗೆ ಕಥೆ ಹಿಡಿಸುವುದಿಲ್ಲ ಅಂದುಕೊಂಡೆ. ದೀಪ ಆರಿಸಿದ ಮೇಲೆ ಹೇಳುತ್ತಿದ್ದೆ ನೋಡಿ, ಅರ್ಧಕ್ಕೇ ಮಗ್ಗಲು ಬದಲಿಸಿ ಮಲಗಿಬಿಡುತ್ತಿದ್ದಳು.

ಚಾರ್ಟ್ ಕೆಲಸ ಮಾಡಿತು ಕೂಡ. ಅದೇ ಮೋಸ. ಅಂಕ ಸ್ವಲ್ಪ ಏರಿತು, ನಾವು ಬೀಗಿದೆವು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಎದುರು ನಿಂತು ಕರೆದರೆ ಕಣ್ಣು ನನ್ನ ಕಣ್ಣಿನ ಮೇಲಲ್ಲ, ತುಟಿಯ ಮೇಲೆ. ದಿನಾ ನೋಡಿದ್ದೇನೆ. ‘ಕಣ್ಣಿನ ಮಗು, ಅದಕ್ಕೇ ಹಾಗೆ’ ಅಂದುಕೊಂಡೆ.

ಎಂಟನೇ ವಯಸ್ಸಿನಲ್ಲಿ ಬೇರೇನಕ್ಕೋ ಡಾಕ್ಟರ ಹತ್ತಿರ ಹೋದೆವು. ಅವರು ಮಾಸ್ಕ್ ಹಾಕಿಕೊಂಡು ಏನೋ ಕೇಳಿದರು. ಇವಳು ನನ್ನ ಮುಖ ನೋಡಿದಳು. ಇನ್ನೊಮ್ಮೆ ಕೇಳಿದರು, ಮತ್ತೆ ನನ್ನ ಮುಖ. ಅವರು ಮಾಸ್ಕ್ ಇಳಿಸಿ ಕೇಳಿದ ತಕ್ಷಣ ಪಟಪಟ ಉತ್ತರ. ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು: ಎರಡೂ ಕಿವಿಯ ಪರದೆಯ ಹಿಂದೆ ಅಂಟಂಟು ನೀರು ನಿಂತಿತ್ತು. ಚಿಕ್ಕ ಮಕ್ಕಳಲ್ಲಿ ಇದು ಮಾಮೂಲಂತೆ. ನೋವಿರದೆಯೂ ಇರಬಹುದಂತೆ. ಕೆಲವು ವಾರ ಚೆನ್ನಾಗಿ ಕೇಳುತ್ತದೆ, ಕೆಲವು ವಾರ ಮಂದ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪರದೆಯಲ್ಲಿ ಸಣ್ಣ ನಳಿಗೆ ಕೂರಿಸಿದರು. ಮನೆಗೆ ಬಂದವಳು ಬಚ್ಚಲಿನ ನಲ್ಲಿ ತಿರುಗಿಸಿ, “ಅಮ್ಮಾ, ನೀರು ಇಷ್ಟು ಜೋರಾಗಿ ಕೂಗುತ್ತಾ?” ಅಂದಳು.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಮೂರು ವರ್ಷದ ಕಥೆಗಳನ್ನು ಮಾತ್ರ ನಾನು ಹೇಳಲೇ ಇಲ್ಲ. ನಿಮ್ಮ ಯಜಮಾನರನ್ನು ಒಮ್ಮೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ನೀವು ಕೇಳಿದ್ದು ಇದನ್ನಲ್ಲ, ಗೊತ್ತು.

— ಒಬ್ಬ ತಾಯಿ

*

*ಹಣೆಪಟ್ಟಿ ಹಚ್ಚುವುದು ಬೇಡ, ಆದರೆ ಹೇಳಿದ್ದು ತಲುಪಬೇಕಲ್ಲ? ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವವರ ಉತ್ತರ ನಮಗೆ ಕೆಲಸಕ್ಕೆ ಬರುವಂತೆ ಕಂಡಿತು.*

ರೋಗಿ ಕಣ್ಣಿನವರೋ ಕಿವಿಯವರೋ ಅಂತ ನೋಡಲು ನಮಗೆ ಪುರುಸೊತ್ತಿಲ್ಲ. “ಅರ್ಥ ಆಯ್ತಾ?” ಅಂತಲೂ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. “ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೋತೀರಿ, ನನಗೆ ಹೇಳಿ ನೋಡೋಣ. ನಾನು ಸರಿಯಾಗಿ ಹೇಳಿದೀನೋ ಇಲ್ಲವೋ ಗೊತ್ತಾಗಲಿ” ಅಂತೀವಿ. ತಪ್ಪು ಹೇಳಿದರೆ ನಾನೇ ಇನ್ನೊಂದು ಥರ ಹೇಳಬೇಕು. ವಿಮಾನದ ಪೈಲಟ್‌ಗಳೂ ಹೀಗೇ. ರನ್‌ವೇಗೆ ಇಳಿಯಲು ಅನುಮತಿ ಸಿಕ್ಕರೆ ಆ ಮಾತನ್ನೇ ವಾಪಸ್ ಒಪ್ಪಿಸಬೇಕು, ಬರೀ ‘ಸರಿ’ ಅಂದರೆ ಸಾಲದು.

ಮನೆಯಲ್ಲಿ ಹುಷಾರು. ನಾನು ಇದನ್ನೇ ನಮ್ಮವರ ಮೇಲೆ ಪ್ರಯೋಗಿಸಿದಾಗ, “ನಾನೇನು ನಿನ್ನ ಪೇಷೆಂಟಾ?” ಅಂದರು.

*

*ಚೀಟಿಯ ಪರವಾಗಿ ಬಂದದ್ದು ಇದೊಂದೇ. ನ್ಯಾಯವಾಗಿ ಹಾಕುತ್ತಿದ್ದೇವೆ.*

ವಿಜ್ಞಾನ ಏನಾದರೂ ಹೇಳಲಿ. ನನ್ನ ತಂಡದಲ್ಲಿ ಆರು ಜನ. ಒಬ್ಬನಿಗೆ ಫೋನ್ ಮಾಡಿದರೆ ಕಿರಿಕಿರಿ, ಒಬ್ಬಳು ಮೂರು ಸಾಲಿನ ಮೇಲೆ ಮೇಲ್ ಓದುವುದಿಲ್ಲ, ಇನ್ನೊಬ್ಬನ ಪಕ್ಕ ಕೂತು ಸ್ಕ್ರೀನ್ ತೋರಿಸಬೇಕು. ನಾನು ಪ್ರಶ್ನಾವಳಿ ಕೊಡಲಿಲ್ಲ. “ನಿಮಗೆ ಹೇಗೆ ಹೇಳಿದರೆ ಅನುಕೂಲ?” ಅಂತ ಒಬ್ಬೊಬ್ಬರನ್ನೇ ಕೇಳಿದೆ. ಅವರು ಜಾಸ್ತಿ ಕಲಿತರೋ ಇಲ್ಲವೋ ಗೊತ್ತಿಲ್ಲ, ಜಗಳ ಕಡಿಮೆಯಾಯಿತು. ಚೀಟಿಯೇನೂ ಕೆಟ್ಟದ್ದಲ್ಲ. ಕೇಳದೆ ಅಂಟಿಸಿದ್ದು ಎಡವಟ್ಟಾಯಿತು ಅಷ್ಟೇ. ದಿನಾಂಕ, ಬಿಲ್ಲು, ಬೀಗದ ಕೈ ಇಂಥವು ಚೀಟಿಯಲ್ಲೇ ಇರಲಿ. ಅದನ್ನೆಲ್ಲ ಬಾಯಲ್ಲಿ ಹೇಳಿ ಯಾರೂ ನೆನಪಿಟ್ಟುಕೊಂಡಿದ್ದು ನಾನು ಕಂಡಿಲ್ಲ.

*

ಆ ಪ್ರಶ್ನಾವಳಿ ಎಲ್ಲಿ ಸಿಗುತ್ತದೆ? ನಮ್ಮ ಬಾಸ್‌ಗೆ ಕೊಡಬೇಕಿತ್ತು. ನೋಡಿಯೂ ಕಲಿಯುವುದಿಲ್ಲ, ಕೇಳಿಯೂ ಕಲಿಯುವುದಿಲ್ಲ.

— ನೊಂದ ನೌಕರ

*

*ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಮೊದಲ ಪತ್ರ ಬರೆದವರು ಮುಂದೇನಾಯಿತು ಅಂತ ತಿಳಿಸಿದರೆ ಖಂಡಿತ ಪ್ರಕಟಿಸುತ್ತೇವೆ. ಅವರ ಯಜಮಾನರೇ ಬರೆದರೆ ಇನ್ನೂ ಸಂತೋಷ.*