ಬಾಗಿಲಡಿಯ ಕಂಡಿ ಮುಚ್ಚಬೇಕಾ? ಡಿಪ್ಲೊಮಾ ಗುಂಪಿನಲ್ಲಿ ಪದ್ಮಿನಿ ಜಗಳ

ಗುಂಪು: ಆಟೊಮೊಬೈಲ್ ಡಿಪ್ಲೊಮಾ, 1989ರ ಬ್ಯಾಚ್

ನಾಗರಾಜ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಹಳೇ ಕಾರಿನೊಳಗೆ ಮಳೆನೀರಾ? ಮೆಕ್ಯಾನಿಕ್‌ಗಳು ಮುಚ್ಚಿಡುವ ಗುಟ್ಟು!! ಬಾಗಿಲ ಅಡಿಯಂಚಿನಲ್ಲಿ ಸಣ್ಣ ಕಂಡಿಗಳಿರುತ್ತವೆ. ನೀರು ನುಗ್ಗುವುದು ಅಲ್ಲಿಂದಲೇ. ಎಂ-ಸೀಲ್ ಹಾಕಿ ಮುಚ್ಚಿ, ವಿಂಡ್‌ಶೀಲ್ಡ್ ಸುತ್ತ ಸಿಲಿಕಾನ್ ಬಳಿಯಿರಿ. ಒಂದು ಹನಿಯೂ ಬರುವುದಿಲ್ಲ. ಹತ್ತು ಜನರಿಗೆ ಕಳಿಸಿ.

ನಾಗರಾಜ: ತೀರ್ಥಹಳ್ಳಿ ಭಾವನ ಹಳೇ ಪದ್ಮಿನಿ ಕಾರಿಗೆ ಇದೇ ಕಾಯಿಲೆ. ಬಾಗಿಲಿಂದಲೇ ಬರ್ತಿದೆ ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ. ಭಾನುವಾರ ಮುಚ್ಚಿಸ್ತೀನಿ.

ಶ್ರೀಧರ: ಇದನ್ನು ಬರೆದವರು ಯಾರು? ಯಾವ ಕಾರು ನೋಡಿ ಬರೆದರು?

ನಾಗರಾಜ: ಎಲ್ಲದಕ್ಕೂ ಮೂಲ ಕೇಳೋದೇ ನಿನ್ನ ಕೆಲಸ. ಗೆಟ್‌ಟುಗೆದರ್ ಊಟದ ಲೆಕ್ಕಕ್ಕೂ ರಸೀದಿ ಕೇಳಿದವನು ನೀನು.

ಶ್ರೀಧರ: ಆ ರಸೀದಿ ಇನ್ನೂ ಬಂದಿಲ್ಲ.

ಸಲೀಂ: ನಾಗ, ಕಂಡಿ ಮುಚ್ಚಬೇಡ. ಗಾಜು ಇಳಿಯೋ ಸಂದಿಯಿಂದ ಬಾಗಿಲ ಹೊಟ್ಟೆಗೆ ನೀರು ಇಳಿದೇ ಇಳಿಯುತ್ತೆ. ಹೊಸ ಕಾರಲ್ಲೂ ಅಷ್ಟೇ. ಪದ್ಮಿನಿಯ ಮುಂದಿನ ಬಾಗಿಲಲ್ಲಿ ತಿರುಗೋ ತ್ರಿಕೋನ ಗಾಜು ಬೇರೆ ಇದೆ, ಅದರ ರಬ್ಬರ್ ಗಟ್ಟಿಯಾದರೆ ಇನ್ನೂ ಜಾಸ್ತಿ. ಆ ನೀರು ಹೊರಗೆ ಹೋಗಲಿ ಅಂತಲೇ ಕಂಡಿ ಇಟ್ಟಿರೋದು. ಮುಚ್ಚಿದರೆ ಬಾಗಿಲು ತೊಟ್ಟಿ ಥರ ತುಂಬುತ್ತೆ, ಕೆಳಗಿನ ಮಡಿಸಿದ ತಗಡಿನ ಅಂಚು ಒಳಗಿಂದಲೇ ತುಕ್ಕು ತಿಂದು ಹೋಗುತ್ತೆ.

ನಾಗರಾಜ: ಹಾಗಾದರೆ ಕಾರ್ಪೆಟ್ ಯಾಕೆ ಒದ್ದೆ?

ಪ್ರಕಾಶ: ಆಹಾ ಪದ್ಮಿನಿ! ಸ್ಟೀರಿಂಗ್ ಪಕ್ಕದ ಕೈಗೇರು, ಮುಂದೆ ಸೋಫಾ ಥರ ಸೀಟು. ಮುಂಬೈ ರಸ್ತೆಯಿಂದ ಕೊನೇ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ಹೋದಾಗ ನನಗೆ ಊಟ ಸೇರಲಿಲ್ಲ. ಫಿಯಟ್ 1100 ಡಿಲೈಟ್ ಅಂತ ಬಂದಿದ್ದು, 74ರಲ್ಲಿ ಪದ್ಮಿನಿ ಆಯ್ತು. ಎಂಥ ಹೆಸರು!

ಮಂಜುಳಾ: ಪ್ರಕಾಶ, ಆಮೇಲೆ. ನಾಗರಾಜ, ಮೊದಲು ಭಾವನ್ನ ಒಂದೇ ಒಂದು ಕೇಳು. ನಿಂತಿದ್ದಾಗ ಮಳೆ ಬಂದರೆ ಒದ್ದೆಯಾಗುತ್ತೋ, ಒದ್ದೆ ರಸ್ತೆಯಲ್ಲಿ ಓಡಿಸಿದಾಗ ಮಾತ್ರವೋ? ಓಡಿದಾಗ ಮಾತ್ರ ಅಂದರೆ ಚಕ್ರ ಎರಚಿದ ನೀರು. ಫ್ಲೋರಿನ ರಬ್ಬರ್ ಪ್ಲಗ್ ಬಿದ್ದಿರುತ್ತೆ, ಇಲ್ಲ ಸೀಟ್ ಬೋಲ್ಟಿನ ತೂತು, ಇಲ್ಲ ತಗಡೇ ತೂತಾಗಿರುತ್ತೆ. ನಿಂತಿದ್ದಾಗಲೂ ಒದ್ದೆ ಅಂದರೆ ಮೇಲಿಂದ ಇಳೀತಿದೆ.

ನಾಗರಾಜ: ನಿಂತಿದ್ದಾಗಲೂ. ಡ್ರೈವರ್ ಕಾಲ ಬಳಿ.

ಹೆಗಡೆ ಮೇಷ್ಟ್ರು: ಮಕ್ಕಳೇ, ಕಾರಣ ತಿಳಿಯದೆ ಮದ್ದು ಅರೆಯಬಾರದು ಎಂದು ವರ್ಕ್‌ಶಾಪಿನಲ್ಲಿ ಎಷ್ಟು ಸಲ ಹೇಳಿದ್ದೆ? ಈಗಿನವರಿಗೆ ತಾಳ್ಮೆ ಇಲ್ಲ. ಓದದೆ ಮುಂದಕ್ಕೆ ದೂಡುವುದು ವಿದ್ಯೆಯಲ್ಲ.

ನಾಗರಾಜ: ಸಾರ್, ನಾನು ಓದಿಯೇ ಕಳಿಸಿದ್ದು.

ಶ್ರೀಧರ: ಬಿಸಿಲಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿಸಿದರೆ ಸ್ಫೋಟ ಆಗುತ್ತೆ ಅನ್ನೋದನ್ನೂ ನೀನು ಓದಿಯೇ ಕಳಿಸಿದ್ದೆ.

ನಾಗರಾಜ: ಅದು ಎರಡು ವರ್ಷದ ಮಾತು. ಇನ್ನೆಷ್ಟು ದಿನ ಎತ್ತಿ ಆಡ್ತೀಯ?

ಮಂಜುಳಾ: ಇಬ್ಬರೂ ಸಾಕು ಮಾಡಿ, ಕೆಲಸ ಕೇಳಿ. ಸೀಟು, ಕಾರ್ಪೆಟ್, ಅದರ ಕೆಳಗಿನ ಸೆಣಬಿನ ಫೆಲ್ಟ್, ಎಲ್ಲ ಹೊರಗೆ ತೆಗೀರಿ. ಫೆಲ್ಟ್ ಇದ್ದರೆ ಜಾಗ ಗೊತ್ತಾಗೋದೇ ಇಲ್ಲ, ಒಂದು ಮೂಲೆಯ ನೀರನ್ನ ಇಡೀ ಫ್ಲೋರಿಗೆ ಹರಡಿಬಿಡುತ್ತೆ. ನೀರನ್ನ ಬೆರಳಿಗೆ ತಾಗಿಸಿ ನೋಡಿ. ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಇಂಜಿನ್ ತಂಪಾಗಿಸೋ ಕೂಲೆಂಟ್, ಯಾರೋ ಹೀಟರ್ ಕೂರಿಸಿದಾರೆ, ಅದು ಸೋರ್ತಿದೆ ಅಂತ ಅರ್ಥ. ಜಾರಿ, ಪೇಂಟ್ ಎದ್ದಿದ್ದರೆ ಬ್ರೇಕ್ ಆಯಿಲ್. ಎರಡೂ ಅಲ್ಲ ಅಂದರೆ ಮಳೆನೀರು. ಆಮೇಲೆ ತಗಡು ಪೂರ್ತಿ ಒರೆಸಿ ಒಣಗಿಸಿ, ಜೋಡಣೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ನೀರು ಹರಿದ ಗೆರೆ ಅದರಲ್ಲಿ ಕಾಣುತ್ತೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಮಲಗಬೇಕು, ಇನ್ನೊಬ್ಬರು ಹೊರಗೆ ಪೈಪ್ ಹಿಡೀಬೇಕು. ನಾಝಲ್ ಬೇಡ, ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ, ಅದು ಚೆನ್ನಾಗಿರೋ ರಬ್ಬರನ್ನೂ ದಾಟುತ್ತೆ. ಸಣ್ಣಗೆ ಹರಿಯೋ ನೀರು ಸಾಕು.

ಮಂಜುಳಾ: ಮುಖ್ಯವಾದ್ದು: ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೊದಲು ಬಾಗಿಲ ಕೆಳಭಾಗ, ಆಮೇಲೆ ಗಾಜಿನ ಅಂಚು, ವೈಪರ್ ಬುಡ, ವಿಂಡ್‌ಶೀಲ್ಡಿನ ಕೆಳಮೂಲೆ, ಮೇಲಂಚು, ಕೊನೆಗೆ ಛಾವಣಿಯ ನೀರುಪಟ್ಟಿ. ಒಂದೊಂದು ಕಡೆ ಕನಿಷ್ಠ 5 ನಿಮಿಷ. ಮೊದಲೇ ಮೇಲಿಂದ ಸುರಿದರೆ ನೀರು ಎಲ್ಲ ಕಡೆ ಇಳಿದು, ಯಾವುದು ಯಾವುದರಿಂದ ಬಂತು ಅಂತ ಗೊತ್ತೇ ಆಗಲ್ಲ.

ಶ್ರೀಧರ: ಇದು ಸರಿ. ಕಾರಣ ಹೇಳಿದಳು.

ನಾಗರಾಜ: ಅವಳು ಹೇಳಿದರೆ ಮೂಲ ಬೇಡ, ನಾನು ಹೇಳಿದರೆ ಬೇಕು.

ಸಲೀಂ: ಡ್ರೈವರ್ ಕಾಲ ಬಳಿ ಅಂದರೆ ನಾನು ನೋಡೋದು ಮೂರು ಜಾಗ. ಒಂದು, ವೈಪರ್ ಸ್ಪಿಂಡಲ್, ಅಂದರೆ ವೈಪರ್ ತಿರುಗಿಸೋ ಕಡ್ಡಿ, ಅದರ ಕೆಳಗಿನ ರಬ್ಬರ್. ಬಿರಿದರೆ ನೀರು ಡ್ಯಾಶ್‌ಬೋರ್ಡ್ ಬೆನ್ನಲ್ಲೇ ಇಳಿಯುತ್ತೆ. ಎರಡು, ಫೈರ್‌ವಾಲ್ (ಇಂಜಿನ್-ಕ್ಯಾಬಿನ್ ನಡುವಿನ ತಗಡು) ತೂತುಗಳ ರಬ್ಬರ್ ಬಳೆ, ಅಂದರೆ ಗ್ರೊಮೆಟ್‌ಗಳು: ಸ್ಪೀಡೊಮೀಟರ್ ಕೇಬಲ್, ವೈರಿಂಗ್, ಸ್ಟೀರಿಂಗ್ ಕಾಲಂ ದಾಟೋ ಕಡೆ. ಮೂರು, ವಿಂಡ್‌ಶೀಲ್ಡ್ ರಬ್ಬರಿನ ಕೆಳಮೂಲೆ. ಅದನ್ನ ಉಗುರಲ್ಲಿ ಮೆಲ್ಲಗೆ ಎತ್ತು. ಕಂದು ಪುಡಿ ಉದುರಿದರೆ ಚೌಕಟ್ಟಿನ ತಗಡೇ ಹೋಗಿದೆ. ಆಗ ಏನು ಬಳಿದರೂ ದಂಡ. ಗಾಜು ತೆಗೆದು, ತುಕ್ಕು ಕೆರೆದು, ತೂತಿಗೆ ಹೊಸ ತಗಡು ಬೆಸೆದು, ಎಪಾಕ್ಸಿ ಪ್ರೈಮರ್, ಪೇಂಟ್, ಆಮೇಲೆ ಹೊಸ ರಬ್ಬರ್.

ನಾಗರಾಜ: ತುಕ್ಕು ಇಲ್ಲದಿದ್ದರೆ ಸಿಲಿಕಾನ್ ಹಚ್ಚಬಹುದಲ್ಲ?

ಸಲೀಂ: ಬೇಡ. ಅಂಗಡಿಯಲ್ಲಿ ಸಿಗೋ ಹುಳಿ ವಾಸನೆಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಬರೀ ತಗಡಿಗೆ ತುಕ್ಕು ತರಿಸುತ್ತೆ. ಅದರ ಮೇಲೆ ಮುಂದೆ ಪೇಂಟೂ ಹಿಡಿಯಲ್ಲ. ವಿಂಡ್‌ಶೀಲ್ಡಿಗೆ ಮಾಸ್ಟಿಕ್, ಅಂದರೆ ಗಟ್ಟಿಯಾಗದ ಅಂಟು ಬೇಕು. ನೀರು ಗಾಜು-ರಬ್ಬರ್ ನಡುವೆ ಬರ್ತಿದೆಯೋ ರಬ್ಬರ್-ತಗಡಿನ ನಡುವೆಯೋ ನೋಡಿಕೊಂಡು, ಆ ಸಂದಿಗೆ ಮಾತ್ರ ಹಾಕು.

ಪ್ರಕಾಶ: ಮೇಷ್ಟ್ರು ವಿಂಡ್‌ಶೀಲ್ಡನ್ನ ದಾರ ಎಳೆದು ಕೂರಿಸ್ತಿದ್ದರಲ್ಲ! ನೆನಪಿದೆಯಾ ಸಾರ್?

ಹೆಗಡೆ ಮೇಷ್ಟ್ರು: ಈಗಲೂ ಅದೇ ಸರಿಯಾದ ಕ್ರಮ. ರಬ್ಬರನ್ನು ಮೊದಲು ಗಾಜಿಗೆ ಹಾಕಿ, ತಗಡಿನ ಕಡೆಯ ತೋಡಿನಲ್ಲಿ 4-5 ಮಿಲಿಮೀಟರ್ ನೈಲಾನ್ ದಾರ ಸುತ್ತಬೇಕು. ಎರಡೂ ತುದಿ ಕೆಳಗೆ ನಡುವಿನಲ್ಲಿ ದಾಟಿ ಒಳಗೆ ಬರಲಿ. ಸಾಬೂನು ನೀರು ಹಚ್ಚಿ, ಹೊರಗಿನವನು ಅಂಗೈಯಿಂದ ಒತ್ತಿದ ಹಾಗೆ ಒಳಗಿನವನು ದಾರ ಎಳೆಯಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿದವನ ರಬ್ಬರ್ ಹರಿಯುತ್ತದೆ, ಗಾಜೂ ಒಡೆಯುತ್ತದೆ. ಅವಸರ ಬೇಡ.

ಶ್ರೀಧರ: ಹಿಂದಿನಿಂದ ಬರೋ ನೀರನ್ನ ಯಾರೂ ಹೇಳಲಿಲ್ಲ. ಡಿಕ್ಕಿಯ ರಬ್ಬರ್, ಟೇಲ್ ಲ್ಯಾಂಪ್ ಗ್ಯಾಸ್ಕೆಟ್ ಸೋರಿದರೂ, ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ನೀರು ಮುಂದಕ್ಕೇ ಬರುತ್ತೆ. ಭಾವನ ಅಂಗಳ ಇಳಿಜಾರಾ?

ನಾಗರಾಜ: ಹೌದು. ಮೂತಿ ರಸ್ತೆ ಕಡೆಗೆ, ಕೆಳಗೆ.

ಶ್ರೀಧರ: ಅದಕ್ಕೇ ಪ್ರಶ್ನೆ ಕೇಳೋದು. ಸಮತಟ್ಟು ಜಾಗಕ್ಕೆ ತಂದು ಪರೀಕ್ಷೆ ಮಾಡಿ. ಡಿಕ್ಕಿಯೊಳಗೆ ಯಾರಾದರೂ ಕೂತು ನೋಡೋದಾದರೆ ಲಾಕ್ ಬೀಳದ ಹಾಗೆ ಬಟ್ಟೆ ಕಟ್ಟಿ, ಹೊರಗೆ ಒಬ್ಬರು ಇರಲೇಬೇಕು.

ಮಂಜುಳಾ: ಬಾಗಿಲ ರಬ್ಬರಿಗೂ ಪರೀಕ್ಷೆ ಇದೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೀರಿ, ಗೇಣಿಗೊಂದರಂತೆ ಸುತ್ತಲೂ. ಸಲೀಸಾಗಿ ಬಂದ ಕಡೆ ರಬ್ಬರ್ ತಾಗ್ತಿಲ್ಲ. ಹಿಂಜ್ ಪಿನ್ ಸವೆದು ಬಾಗಿಲು ಜೋತಿದ್ದರೆ ಮೊದಲು ಪಿನ್ ಬದಲಿಸಿ, ಇಲ್ಲದಿದ್ದರೆ ಹೊಸ ರಬ್ಬರೂ ತಾಗಲ್ಲ.

ನಾಗರಾಜ: ಒಳಗಿನ ಹಾರ್ಡ್‌ಬೋರ್ಡ್ ಕೆಳಗಡೆ ಉಬ್ಬಿ ಪದರ ಪದರ ಎದ್ದಿದೆ. ಅದಕ್ಕೇ ಬಾಗಿಲು ಅಂದೆ.

ಸಲೀಂ: ಇದನ್ನ ಮೊದಲೇ ಹೇಳಬಾರದಾ! ಬೋರ್ಡ್ ಹಿಂದಿನ ಪಾಲಿಥೀನ್ ಹಾಳೆ ಹೋಗಿದೆ. ಯಾರೋ ಸ್ಪೀಕರ್ ಕೂರಿಸುವಾಗ ಹರಿದಿರುತ್ತಾರೆ. ದಪ್ಪ ಪಾಲಿಥೀನ್ ಕತ್ತರಿಸಿ ಬ್ಯೂಟೈಲ್ ಟೇಪಲ್ಲಿ (ಮೆತ್ತನೆ ರಬ್ಬರ್ ಅಂಟುಪಟ್ಟಿ) ಸುತ್ತ ಅಂಟಿಸು. ಕೆಳಗಿನ ಅಂಚು ಮಾತ್ರ ಬಾಗಿಲ ಹೊಟ್ಟೆಯೊಳಕ್ಕೆ ತೂರಿರಬೇಕು, ಆಗ ನೀರು ಕ್ಯಾಬಿನ್‌ಗೆ ಬರದೆ ಒಳಗೇ ಬಿದ್ದು ಕಂಡಿಯಿಂದ ಹೋಗುತ್ತೆ. ಕಂಡಿಗೆ ಬಿದಿರು ಕಡ್ಡಿ ಹಾಕಿ ಮಣ್ಣು ತೆಗಿ.

ನಾಗರಾಜ: ನೋಡಿದಿರಾ, ಕೊನೆಗೂ ಬಾಗಿಲೇ!

ಶ್ರೀಧರ: ಬಾಗಿಲು ಅಂದಿದ್ದು ಸರಿ. ಮುಚ್ಚು ಅಂದಿದ್ದು ತಪ್ಪು.

ಮಂಜುಳಾ: ಪೈಪ್ ಪರೀಕ್ಷೆ ಆಗೋ ತನಕ ಬಾಗಿಲೊಂದೇ ಅಂತಲೂ ಹೇಳಬೇಡಿ. ವೈಪರ್ ಬುಡ ನೋಡಲೇಬೇಕು. ನಾಗರಾಜ, ಆ ಮೆಸೇಜ್ ಇನ್ನೆಲ್ಲಿ ಹಾಕಿದ್ದೀಯ?

ನಾಗರಾಜ: ಹಳೇ ಕಾರುಗಳ ಗುಂಪಿಗೆ, ಹೋದ ವಾರ. ಎಲ್ಲರಿಗೂ ಡಿಲೀಟ್ ಆಗೋ ಅವಧಿ ಮುಗಿದಿದೆ.

ಮಂಜುಳಾ: ಅದಕ್ಕೇ ರಿಪ್ಲೈ ಹಾಕಿ ಸಲೀಂ ಬರೆದ ಮೊದಲ ಮೆಸೇಜ್ ಅಂಟಿಸು. ಮಳೆ ಶುರುವಾಗಿದೆ, ಇವತ್ತೇ ಯಾರಾದರೂ ಎಂ-ಸೀಲ್ ಕಲಸ್ತಾ ಇರಬಹುದು.

ನಾಗರಾಜ: ಹಾಕ್ತೀನಿ. ಸಲೀಂ, ಬ್ಯೂಟೈಲ್ ಟೇಪ್ ಎಷ್ಟು ಅಗಲದ್ದು ತರಲಿ?