ಪದಚರ್ಚೆ: ‘ಹೀತ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆ. ನಾಳೆ ರಾತ್ರಿ ಅಚ್ಚಿಗೆ ಹೋಗುತ್ತದೆ. ವಿಷಯ ಥೇಮ್ಸ್ ಬೇಸಿನ್ ಹೀತ್ಸ್. ಹೀತ್ ಅಂದರೆ ಮರ ಕಮ್ಮಿ, ತಗ್ಗು ಪೊದೆಗಳೇ ಹೆಚ್ಚಿರುವ ತೆರೆದ ನೆಲ. ಸರ್ರೆ, ಹ್ಯಾಂಪ್‌ಶೈರ್, ಬರ್ಕ್‌ಶೈರ್ ಮೂರರಲ್ಲೂ ತುಂಡು ತುಂಡಾಗಿ ಹರಡಿರುವ 8,200 ಹೆಕ್ಟೇರಿಗೂ ಜಾಸ್ತಿ ಜಾಗ. 2005ರಲ್ಲಿ ಹಕ್ಕಿಗಳಿಗಾಗಿ ವಿಶೇಷ ರಕ್ಷಣೆ ಸಿಕ್ಕಿತು. ಮುಖ್ಯವಾಗಿ ಮೂರು ಹಕ್ಕಿ: ನತ್ತಿಂಗ (ನೈಟ್‌ಜಾರ್), ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್. ಮೊದಲೆರಡು ನೆಲದ ಮೇಲೇ ಮೊಟ್ಟೆ ಇಡುತ್ತವೆ, ಮೂರನೆಯದು ತಗ್ಗು ಪೊದೆಯಲ್ಲಿ. ಬಿಟ್ಟ ನಾಯಿ ಓಡಾಡಿದರೆ ತಾಯಿ ಹಕ್ಕಿ ಎದ್ದು ಹಾರುತ್ತದೆ, ಮೊಟ್ಟೆ ಕಾಗೆ ಪಾಲು.

ನನಗೆ ಬೇಕಾದದ್ದು ಮೂರು. ‘ಹೀತ್’ಗೆ ಒಂದು ಪದ. ಹೊಸ ಬಡಾವಣೆಯವರು ಮಾಡಿಕೊಡಬೇಕಾದ, ‘ಸ್ಯಾಂಗ್’ ಅಂತ ಕರೆಯುವ ‘ಸೂಟಬಲ್ ಆಲ್ಟರ್ನೇಟಿವ್ ನ್ಯಾಚುರಲ್ ಗ್ರೀನ್‌ಸ್ಪೇಸ್’ಗೆ ಒಂದು ಪದ, ‘ಪರ್ಯಾಯ ನೈಸರ್ಗಿಕ ಹಸಿರುತಾಣ’ ಅಂತ ಬರೆದಿದ್ದೇನೆ. ಕೊನೆಗೆ, ‘ಹೀತ್‌ನಿಂದ 400 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ’ ಅನ್ನುವ ಸಾಲು ಸರಿಯೇ?

– ಸರ್ರೆಯಿಂದ

*

ಪದವು. ಇಷ್ಟು ಸಾಕು, ಬೇರೆ ಹುಡುಕಬೇಡಿ. ಮರ ಕಮ್ಮಿ, ಕುರುಚಲು ಗಿಡ, ತೆರೆದ ಬಯಲು, ಎಲ್ಲ ಇದೆ. ಪದವಿನಂಗಡಿ, ಸುಳ್ಯಪದವು ಅಂತ ಊರುಗಳ ಹೆಸರಲ್ಲೇ ಪದ ಬದುಕಿದೆ. ನಮ್ಮ ಕಡೆ ಮಗುವಿಗೂ ಗೊತ್ತು.

– ಕರಾವಳಿಯವ

*

ನಿಮ್ಮ ಕಡೆ ಮಗುವಿಗೆ ಗೊತ್ತು ಸಾರ್, ಘಟ್ಟ ಹತ್ತಿದರೆ ಮುದುಕರಿಗೂ ಗೊತ್ತಿಲ್ಲ. ಪದವು ಅಂದರೆ ಮುರಕಲ್ಲಿನ ಚಪ್ಪಟೆ ಗುಡ್ಡ. ಹೀತ್ ಇರುವುದು ಹುಳಿ ಗುಣದ, ಸಾರವಿಲ್ಲದ ಮರಳು ನೆಲದಲ್ಲಿ. ಗುಡ್ಡವೇ ಆಗಬೇಕೆಂದೇನೂ ಇಲ್ಲ. ‘ಬ್ಯಾಣ’ ಯಾಕಾಗಬಾರದು?

– ಸಾಗರದಿಂದ

*

ಬ್ಯಾಣದಲ್ಲಿ ಹುಲ್ಲು. ಹೀತ್‌ನಲ್ಲಿ ಹೆದರ್ ಪೊದೆ. ಆಗಲ್ಲ.

‘ಕಾವಲು’ ನೋಡಿ. ಹೀತ್ ತಾನಾಗಿ ಉಳಿದ ಕಾಡಲ್ಲ. ದನ ಮೇಯಿಸಿ, ಸೌದೆ ಕಡಿದು, ನೆಲದ ಹೆಂಟೆ ಎತ್ತಿ ಜನರೇ ಶತಮಾನಗಟ್ಟಲೆ ಹಾಗೆ ಇಟ್ಟದ್ದು. ಬಿಟ್ಟರೆ ಬರ್ಚ್, ಪೈನ್ ಎದ್ದು ಮುಚ್ಚಿಬಿಡುತ್ತವೆ. ನಮ್ಮ ಅಮೃತಮಹಲ್ ಕಾವಲುಗಳೂ ಮೇವಿನಿಂದಲೇ ಉಳಿದವು. ಚಳ್ಳಕೆರೆ ಕಡೆ ಅವನ್ನೂ ‘ಖಾಲಿ ಜಾಗ’ ಅಂತಲೇ ಸಂಸ್ಥೆಗಳಿಗೆ ಹಂಚಿದರು. ಬಂಜರು, ಪಾಳು, ಬೀಳು ಅನ್ನುವ ಪದಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಪಾಳು ಅಂದ ಮೇಲೆ ಮನೆ ಕಟ್ಟಿದರೇನು ಅಂತ ಕೇಳುತ್ತಾರೆ.

– ಚಿತ್ರದುರ್ಗದವ

*

ಕಾವಲು ಸರಕಾರ ದನಗಳಿಗೆ ಮೀಸಲಿಟ್ಟ ನೆಲದ ಹೆಸರು, ಗಿಡಗಂಟಿಯ ಹೆಸರಲ್ಲ. ಬಿಡಿ.

ಕುರುಚಲುಬಯಲು ಅನ್ನಿ. ನೋಡಿದ ಕೂಡಲೇ ತಿಳಿಯುತ್ತೆ. ವಿಶೇಷ ರಕ್ಷಣೆ, ಪರ್ಯಾಯ, ನೈಸರ್ಗಿಕ, ಇವೆಲ್ಲ ಯಾಕೆ? ರಕ್ಷಣೆ ಸಿಕ್ಕ ಜಾಗಕ್ಕೆ ಕಾಪುನೆಲ, ಸ್ಯಾಂಗ್‌ಗೆ ಬದಲಿ ಹಸಿರೆಡೆ. ಕನ್ನಡಕ್ಕೆ ಬೇರೆ ನುಡಿಯ ಹೊರೆ ಹೊರಿಸಿದ್ದು ಸಾಕು.

– ಅಚ್ಚಗನ್ನಡಿಗ

*

‘ಕಾಪುನೆಲ’! ಮನೆ ಸಾಲದ ಕಾಗದ ಹಿಡಿದು ಕೂತವರಿಗೆ ಇದನ್ನು ಬಿಡಿಸಿ ಹೇಳಲು ಇನ್ನೊಂದು ಲೇಖನ ಬೇಕು. ಕುರುಚಲು ಬಯಲು ಮಾತ್ರ ಒಪ್ಪುತ್ತೇನೆ.

ನಗರ ಯೋಜನೆಯಲ್ಲಿ ಕೆಲಸ ಮಾಡಿದವನಾಗಿ ಮಿಕ್ಕ ಎರಡಕ್ಕೆ ಉತ್ತರ. ‘ಪರ್ಯಾಯ ಹಸಿರುತಾಣ’ ಅಂದರೆ ಓದುವವರು ಹಕ್ಕಿಗೆ ಪರ್ಯಾಯ ಅಂದುಕೊಳ್ಳುತ್ತಾರೆ. ಅದು ಪೂರ್ತಿ ಉಲ್ಟಾ. ಹಕ್ಕಿ ಇದ್ದಲ್ಲೇ ಇರುತ್ತದೆ. ಜಾಗ ಬದಲಾಗುವುದು ಮನುಷ್ಯನಿಗೆ ಮತ್ತು ನಾಯಿಗೆ. 1,000 ಜನಕ್ಕೆ ಕನಿಷ್ಠ 8 ಹೆಕ್ಟೇರ್ ಲೆಕ್ಕದಲ್ಲಿ ಬೇರೆ ಕಡೆ ಬಯಲು ಮಾಡಿಕೊಡುತ್ತಾರೆ. ಸುಮಾರು ಎರಡೂವರೆ ಕಿಲೋಮೀಟರ್ ಸುತ್ತು ದಾರಿ ಇರಬೇಕು, ನಾಯಿಯ ಹಗ್ಗ ಬಿಚ್ಚಿ ಓಡಿಸಲು ಆಗಬೇಕು. ಅಲ್ಲಿ ಖುಷಿಯಾದರೆ ಜನ ಹೀತ್ ಕಡೆ ಹೋಗಲ್ಲ ಅನ್ನುವುದು ಲೆಕ್ಕಾಚಾರ. ಇದರ ಖರ್ಚು ಬಡಾವಣೆ ಕಟ್ಟುವವರದು. 400 ಮೀಟರಿನಿಂದ 5 ಕಿಲೋಮೀಟರ್‌ವರೆಗೆ ಈ ವ್ಯವಸ್ಥೆ. ಹೀತ್ ಕಾಯುವ ವಾರ್ಡನ್‌ಗಳಿಗೂ ಹಣ ಕಟ್ಟಬೇಕು, ಅದು ಬೇರೆ.

400 ಮೀಟರ್ ಒಳಗೆ ಇದ್ಯಾವುದೂ ನಡೆಯುವುದಿಲ್ಲ. ಪಕ್ಕದ ಮನೆಯಿಂದ ಹೀತ್‌ಗೆ ನುಗ್ಗುವ ಬೆಕ್ಕಿಗೆ ಸುತ್ತು ದಾರಿ ತೋರಿಸಿ ‘ಇಲ್ಲೇ ಓಡಾಡು’ ಅನ್ನಲಾಗುತ್ತದೆಯೇ? ಆದರೆ ನಿಮ್ಮ ಸಾಲು ತಪ್ಪು. ಹಳೆಯದೊಂದನ್ನು ಕೆಡವಿ ಅಲ್ಲೇ ಒಂದು ಕಟ್ಟಬಹುದು. ‘ಮನೆಗಳ ಸಂಖ್ಯೆ ಹೆಚ್ಚಬಾರದು’ ಅಂತ ಬರೆಯಿರಿ.

– ಮೈಸೂರಿನಿಂದ

*

ಮೈಸೂರಿನವರೇ, ಇದೇ ಬೇಕಿತ್ತು. ‘ಜನರಿಗೆ ಬದಲಿ ಓಡಾಟದ ಬಯಲು’ ಅಂತ ಬದಲಿಸಿದ್ದೇನೆ. ‘ಜನರಿಗೆ’ ಇಲ್ಲದಿದ್ದರೆ ಪದ ಕೆಡುತ್ತದೆ. ಕರಪತ್ರಗಳಲ್ಲಿ ‘ಸ್ಯಾಂಗ್’ ಅಂತಲೇ ಇರುತ್ತದೆ, ಹಾಗಾಗಿ ಅದನ್ನೂ ಪಕ್ಕದಲ್ಲಿ ಇಟ್ಟೆ. ಮೊದಲ ಸಲ ‘ಹೀತ್ ಎಂಬ ಕುರುಚಲು ಬಯಲು’, ಆಮೇಲೆ ಬರೀ ‘ಹೀತ್’.

– ಸರ್ರೆಯಿಂದ

*

ಬರೀ ‘ಹೀತ್’ ಯಾಕೆ? ಒಂದು ಸಲ ಕನ್ನಡದಲ್ಲಿ ಹೇಳಿದ ಮೇಲೆ ಮತ್ತೆ ಇಂಗ್ಲಿಶಿಗೆ ಹೋಗುವುದು ಕೀಳರಿಮೆ.

– ಅಚ್ಚಗನ್ನಡಿಗ

*

ಅವರ ಊರ ಬಯಲಿಗೆ ಅವರ ಹೆಸರು. ಬಾಬಾಬುಡನ್‌ಗಿರಿಯ ಶೋಲಾ ಕಾಡನ್ನು ಇಂಗ್ಲಿಷಿನವರೂ ಶೋಲಾ ಅಂತಲೇ ಬರೆಯುತ್ತಾರೆ, ಅವರಿಗೇನು ಕೀಳರಿಮೆಯಾಯಿತೇ?

– ಮೈಸೂರಿನಿಂದ

*

ಶೋಲಾ ತಮಿಳಿನ ಸೋಲೈ.

– ಅಚ್ಚಗನ್ನಡಿಗ

*

ನತ್ತಿಂಗಕ್ಕೆ ಬೇರೆ ಹೆಸರು ಹುಡುಕಬೇಡಿ ಮಾರಾಯ್ರೆ, ಅದು ಚೆನ್ನಾಗಿದೆ. ಎರವಲಿನ ಜಗಳಕ್ಕೆ ನಿರ್ವಾಹಕರು ಬೇರೆ ಎಳೆ ತೆರೆಯಲಿ. ಮತ್ತೆ, ಪದವು ಬೇಡ ಅಂದವರು ಯಾರೂ ಪದವು ಹತ್ತಿ ನೋಡಿದ ಹಾಗೆ ಕಾಣುವುದಿಲ್ಲ.

– ಕರಾವಳಿಯವ